ಭರತದಲ್ಲಿ (ಉಬ್ಬರದಲ್ಲಿ) ಹಗ್ಗ ಬಿಗಿದೆ: ಡಿಸೆಂಬರ್ ಮಳೆಯಲ್ಲಿ ಕಟ್ಟಿದಲ್ಲೇ ಮುಳುಗಿದ ಬೋಟಿನ ಕಥೆ

2024ರ ಡಿಸೆಂಬರ್ 3, ಮಂಗಳವಾರ. ಬೆಳಗಿನ ಜಾವ ಐದೂಕಾಲಿಗೆ ಫೋನ್ ಬಂತು. ಪಕ್ಕದ ಬೋಟಿನ ಕಲಾಸಿ, ಅಂದ್ರೆ ಬೋಟಿನಲ್ಲಿ ದುಡಿಯುವ ಹುಡುಗ. "ಮಾಸ್ಟ್ರೆ, ನಿಮ್ ಬೋಟ್ ಒಂದ್ ಬದಿಗೆ ವಾಲಿತ್ತ್, ಬೇಗ ಬನಿ" ಅಂದ. ಮಳೆ ಇನ್ನೂ ಸುರಿಯುತ್ತಿತ್ತು. ಉಡುಪಿ ಜಿಲ್ಲೆಯ ನಮ್ಮ ಗಂಗೊಳ್ಳಿ ಬಂದರಿನ ಧಕ್ಕೆಗೆ (ಬೋಟು ಕಟ್ಟುವ ಕಟ್ಟೆಗೆ) ಓಡಿ ಟಾರ್ಚ್ ಬಿಟ್ಟು ನೋಡಿದರೆ ಬೋಟು ಕಟ್ಟಿದ ಜಾಗದಲ್ಲೇ ಇದೆ. ಆದರೆ ಮೂತಿ ಮೇಲೆ, ಹಿಂಭಾಗ ನೀರೊಳಗೆ. ಇಂಜಿನ್ ರೂಮಿನ ಬಾಗಿಲವರೆಗೂ ನೀರು, ನೀರಿನ ಮೇಲೆ ಡೀಸೆಲ್ಲಿನ ಬಣ್ಣಬಣ್ಣದ ಪದರ, ಅದರಲ್ಲಿ ತೇಲುತ್ತಿರುವ ಒಂದು ಮೀನಿನ ಬುಟ್ಟಿ ಮತ್ತು ಯಾರದೋ ಒಂಟಿ ಚಪ್ಪಲಿ.

ಯಾರಿಗೂ ಏನೂ ಆಗಲಿಲ್ಲ. ಪೇಪರಿನಲ್ಲಿ ಬರುವಂಥದ್ದೂ ಅಲ್ಲ. ಕಡಲಲ್ಲಿ ಬೋಟು ಮುಳುಗಿದರೆ ಊರೆಲ್ಲ ಓಡಿ ಬರುತ್ತದೆ, ಧಕ್ಕೆಯಲ್ಲಿ ಕಟ್ಟಿದ ಬೋಟು ಕಟ್ಟಿದಲ್ಲೇ ಮುಳುಗಿದರೆ ಊರೆಲ್ಲ ನಗುತ್ತದೆ. ನಮ್ಮ ಮೇಲೂ ನಕ್ಕರು. ನಗಲಿ ಬಿಡಿ. ಅವತ್ತು ರಾತ್ರಿ ಏನಾಯ್ತು, ಯಾಕಾಯ್ತು ಅಂತ ಕೂತು ಲೆಕ್ಕ ಹಾಕಿದಾಗ ಗೊತ್ತಾದದ್ದು ಇಷ್ಟೂ ಬರೆಯುತ್ತಿದ್ದೇನೆ, ಯಾಕಂದ್ರೆ ದೊಡ್ಡ ತಪ್ಪು ನನ್ನದೇ, ಮತ್ತು ಅದೇ ತಪ್ಪನ್ನು "ಜಾಗ್ರತೆ" ಅಂದುಕೊಂಡು ಮಾಡುವವರು ಇನ್ನೂ ಎಷ್ಟೋ ಜನ ಇದ್ದಾರೆ.

ಬೋಟು ಮುಕ್ಕಾಲು ಪಾಲು ಭಾವನದು, ಕಾಲು ಪಾಲು ನನ್ನ ಹೆಂಡತಿ ಹೆಸರಲ್ಲಿ. ನಾನು ಶಾಲೆ ಮಾಸ್ಟ್ರು. ಬೋಟಿನ ಲೆಕ್ಕ ಬರೆಯುವುದು, ಡೀಸೆಲ್ ಬಿಲ್ಲು ಜೋಡಿಸಿ ಇಡುವುದು, ಐಸಿನವನಿಗೆ ದುಡ್ಡು ಕೊಡುವುದು, ಇಷ್ಟೇ ನನ್ನ ಕೆಲಸ. ನಮ್ಮಲ್ಲಿ ತ್ರಿಸೆವೆಂಟಿ ಅಂತ ಕರೆಯುವ ಸಣ್ಣ ಟ್ರಾಲ್ ಬೋಟು ಅದು. ಮರದ್ದು, ಹೊರಗೆ ಫೈಬರ್ ಹೊದಿಕೆ. ಬೆಳಗಿನ ಜಾವ ಹೋಗಿ ಸಂಜೆ ಒಳಗೆ ಬರುತ್ತದೆ. ವಿಮೆ ಇರಲಿಲ್ಲ. ಯಾಕೆ ಮಾಡಿಸಲಿಲ್ಲ ಅಂತ ಕೇಳಬೇಡಿ, ಮನೆಯಲ್ಲಿ ಈಗಾಗಲೇ ಕೇಳಿ ಆಗಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕರಾವಳಿಯವರಿಗೆ ಮಳೆ ಹೊಸದಲ್ಲ, ತೂಫಾನೂ ಹೊಸದಲ್ಲ. ಆದರೆ ನಮ್ಮ ತಯಾರಿ ಎಲ್ಲ ಕ್ಯಾಲೆಂಡರ್ ನೋಡಿ ಮಾಡುವಂಥದ್ದು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮೇ ಕೊನೆಯಲ್ಲಿ ಬೋಟನ್ನು ಮಳೆಗಾಲಕ್ಕೆ ಸಜ್ಜು ಮಾಡುವುದು ಅಂದ್ರೆ ಒಂದು ಮದುವೆ ಮನೆ ಕೆಲಸ. ಬಲೆ ಇಳಿಸಬೇಕು, ಬ್ಯಾಟರಿ ಬಿಚ್ಚಿ ಮನೆಗೆ ಒಯ್ಯಬೇಕು, ತಾಡಪಾಲು ಹೊದಿಸಬೇಕು, ದಡಕ್ಕೆ ಎಳೆಯುವವರು ಎಳೆಯಬೇಕು, ಉಳಿದವರು ಹೊಳೆಯ ಒಳಗೆ ಗಾಳಿ ತಾಗದ ಕಡೆ ನಾಲ್ಕು ಮೂಲೆಗೂ ಹಗ್ಗ ಕೊಟ್ಟು ಕಟ್ಟಬೇಕು. ಹಿರಿಯರೆಲ್ಲ ನಿಂತು ಹೇಳಿಕೊಡುತ್ತಾರೆ. ಆಮೇಲೆ ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ ಕಡಲಿಗೆ ಇಳಿದರೆ ಮುಂದಿನ ಮೇ ತನಕ ಮಳೆಯ ಯೋಚನೆಯೇ ಇಲ್ಲ. ಡಿಸೆಂಬರ್ ಅಂದ್ರೆ ಒಳ್ಳೆ ಕಸುಬಿನ ಹೊತ್ತು. ಸಂಜೆ ಬಂದು ಎರಡು ಹಗ್ಗ ಎಸೆದು ಮೀನು ಇಳಿಸಿ ಮನೆಗೆ ಹೋಗುವುದು, ಬೆಳಗ್ಗೆ ಬಿಚ್ಚಿಕೊಂಡು ಹೋಗುವುದು. ಎಂಟು ಗಂಟೆ ನಿಲ್ಲುವ ಬೋಟಿಗೆ ಯಾರು ಲೆಕ್ಕ ಹಾಕಿ ಹಗ್ಗ ಕಟ್ಟುತ್ತಾರೆ, ಅಲ್ವಾ?

ನಮ್ಮ ತಾಡಪಾಲು ಆ ವಾರ ಎಲ್ಲಿತ್ತು ಗೊತ್ತಾ? ಭಾವನ ದೊಡ್ಡಪ್ಪನ ಮನೆಯ ಹರಕೆ ಯಕ್ಷಗಾನ ಆಟಕ್ಕೆ ಹೋಗಿತ್ತು. ಚೌಕಿಗೆ, ಅಂದ್ರೆ ವೇಷ ಕಟ್ಟುವ ಜಾಗಕ್ಕೆ, ಹೊದಿಸಲಿಕ್ಕೆ.

ಇನ್ನು ತೂಫಾನಿನ ವಿಷಯ. ಅದರ ಹೆಸರು ಫೆಂಗಲ್, ಸೌದಿ ಅರೇಬಿಯಾ ಕೊಟ್ಟ ಹೆಸರಂತೆ. ನವೆಂಬರ್ 30ರ ಶನಿವಾರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ಹತ್ತಿದ್ದು ಮುಂದೆ ಹೋಗದೆ ಅಲ್ಲೇ ಗಂಟೆಗಟ್ಟಲೆ ಕೂತುಬಿಟ್ಟಿತು. ಪುದುಚೇರಿಯಲ್ಲಿ ಒಂದೇ ದಿನ 45 ಸೆಂಟಿಮೀಟರಿಗೂ ಜಾಸ್ತಿ ಮಳೆ. ಆಮೇಲೆ ಒಳನಾಡಿಗೆ ನುಗ್ಗಿ ನಮ್ಮ ಗಡಿ ಕಡೆಯ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ 50 ಸೆಂಟಿಮೀಟರ್ ಸುರಿಯಿತು. ನಾವು ಧಕ್ಕೆಯಲ್ಲಿ ಮೊಬೈಲ್ ಹಿಡಿದು ಬಸ್ಸು ತೇಲುವ ವೀಡಿಯೊ ನೋಡುತ್ತಾ ಪಾಪ ಪಾಪ ಅಂದೆವು. ಪುದುಚೇರಿ ಎಲ್ಲಿ, ಗಂಗೊಳ್ಳಿ ಎಲ್ಲಿ? ನಡುವೆ ಘಟ್ಟ ಇಲ್ವಾ?

2017ರ ಓಖಿ ತೂಫಾನಿನ ಹೊತ್ತಿಗೆ ಹಾಗಿರಲಿಲ್ಲ. ಅದೂ ಡಿಸೆಂಬರಿನ ಮೊದಲ ವಾರವೇ. ಆದರೆ ಅದು ಕನ್ಯಾಕುಮಾರಿ ಸುತ್ತಿ, ಲಕ್ಷದ್ವೀಪ ಹಾದು, ನಮ್ಮ ಕಡಲಲ್ಲೇ ದೂರದಿಂದ ಬಡಗು ದಿಕ್ಕಿಗೆ ಹೋಯಿತು. ಡಿಸೆಂಬರ್ 3ಕ್ಕೆ ಹುಣ್ಣಿಮೆ ಬೇರೆ. ಉಬ್ಬರಕ್ಕೂ ತೂಫಾನಿನ ಅಲೆಗೂ ಒಂದೇ ಹೊತ್ತು ಬಿದ್ದು ಕರಾವಳಿ ಉದ್ದಕ್ಕೂ ಕಡಲು ಒಳಗೆ ಬಂತು. ಕೇರಳ, ತಮಿಳುನಾಡಿನ ಎಷ್ಟೋ ಬೋಟುಗಳು ಸಿಕ್ಕಿದ ಬಂದರಿಗೆ ನುಗ್ಗಿ ಜೀವ ಉಳಿಸಿಕೊಂಡವು. ಮಹಾರಾಷ್ಟ್ರದ ದೇವಗಡ ಒಂದರಲ್ಲೇ 68 ಬೋಟು, 952 ಮೀನುಗಾರರು. ಹಿಂತಿರುಗಿ ಬರದವರು ನೂರಾರು ಜನ. ಆ ನೆನಪು ಇನ್ನೂ ಹಸಿ ಇರುವುದರಿಂದ ನಮ್ಮ ತಲೆಯಲ್ಲಿ ತೂಫಾನು ಅಂದ್ರೆ ಪಡುವಣದಿಂದ, ಕಡಲಿನಿಂದ ಬರುವಂಥದ್ದು. ಬೋಟು ಒಳಗಿದೆ ಅಂದ್ರೆ ಕ್ಷೇಮ.

ಫೆಂಗಲ್ ಬಂದದ್ದು ಬೆನ್ನ ಹಿಂದಿನಿಂದ. ತಮಿಳುನಾಡು ದಾಟಿ, ಶಕ್ತಿ ಎಲ್ಲ ಕಳೆದುಕೊಂಡು, ಬರೀ ಮಳೆ ಮೋಡವಾಗಿ ಘಟ್ಟ ಇಳಿದು ಡಿಸೆಂಬರ್ 3ರ ಹೊತ್ತಿಗೆ ಕೇರಳ-ಕರ್ನಾಟಕದ ಕಡಲಿಗೆ ಬಿತ್ತು. ಕಡಲಿಗೆ ಇಳಿಯಬೇಡಿ ಅಂತ ಮೀನುಗಾರರಿಗೆ ಸೂಚನೆ ಬಂದಿತ್ತು. ಜಿಲ್ಲೆಯಲ್ಲಿ ಮಂಗಳವಾರ ಶಾಲೆಗೆ ರಜೆ ಅಂತ ಮೆಸೇಜೂ ಬಂತು. ನನಗೆ ಸತ್ಯವಾಗಿ ಖುಷಿಯೇ ಆಯ್ತು.

ಸೋಮವಾರ ಸಂಜೆ ಧಕ್ಕೆ ತುಂಬಿ ತುಳುಕುತ್ತಿತ್ತು. ಹೊರಗೆ ಇದ್ದ ಬೋಟೆಲ್ಲ ಒಳಗೆ ಬಂದಿದ್ದವು. ಒಂದರ ಮಗ್ಗುಲಿಗೆ ಒಂದು, ಅದರ ಮಗ್ಗುಲಿಗೆ ಇನ್ನೊಂದು. 2023ರ ದೀಪಾವಳಿ ಹೊತ್ತಿಗೆ ಇದೇ ಊರಲ್ಲಿ ಬೆಂಕಿ ಬಿದ್ದು ಸಾಲಾಗಿ ನಿಂತ ಬೋಟುಗಳು ಒಂದರಿಂದ ಒಂದಕ್ಕೆ ಹತ್ತಿ ಸುಟ್ಟದ್ದು ನೋಡಿದ ಮೇಲೂ ನಾವು ಹೀಗೇ ನಿಲ್ಲಿಸುತ್ತೇವೆ, ಬೇರೆ ಜಾಗ ಇಲ್ಲ. ನಮ್ಮದು ಧಕ್ಕೆಗೆ ತಾಗಿ ಮೊದಲನೆಯದು. ಹೊರಗೆ ಇನ್ನೆರಡು. ಮೂತಿ ಪಡುವಣಕ್ಕೆ, ಹೊಳೆ ಕಡಲು ಸೇರುವ ಅಳಿವೆ ಕಡೆಗೆ, ಬೆನ್ನು ಮೂಡಣಕ್ಕೆ. ಭಾವ ಹಗ್ಗ ಕಟ್ಟಿದ್ದು ಸಂಜೆ ಆರಕ್ಕೆ, ನೀರು ಪೂರ್ತಿ ಇಳಿದಾಗ. ಬೋಟು ನಡೆಸುವ ತಾಂಡೇಲರು ಊರಲ್ಲಿರಲಿಲ್ಲ, ತಂಗಿ ಮಗಳ ನಿಶ್ಚಯಕ್ಕೆ ಶಿರೂರಿಗೆ ಹೋಗಿದ್ದರು. ಅಲ್ಲಿಂದಲೇ ನನಗೆ ಫೋನ್ ಮಾಡಿದರು.

"ಮಾಸ್ಟ್ರೆ, ನಿನ್ನೆ ಅಮಾಸೆ. ಇವತ್ ಭರ್ತ ಜಾಸ್ತಿ. ರಾತ್ರಿ ಒಂದ್ ಸಲ ಹೋಯಿ ಹಗ್ಗ ಕಾಣಿ."

ಹಗ್ಗ ಕಾಣಿ. ಅಂದ್ರೆ ಹಗ್ಗ ನೋಡಿ. ಎಂತ ನೋಡುವುದು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಲವತ್ತು ವರ್ಷ ಕಡಲಲ್ಲಿ ಇದ್ದವರಿಗೆ ಅದು ಹೇಳಬೇಕಾದ ಮಾತೇ ಅಲ್ಲ.

ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಭರತ ಬರುವುದು ನಡುಹಗಲು, ನಡುರಾತ್ರಿ ಹತ್ತಿರ. ಇಳಿತ ಬೆಳಗ್ಗೆ ಸಂಜೆ. ಎರಡರ ನಡುವೆ ನಾಲ್ಕೈದು ಅಡಿ ವ್ಯತ್ಯಾಸ. ನಾನು ಹೋದದ್ದು ರಾತ್ರಿ ಹನ್ನೊಂದೂಮುಕ್ಕಾಲಿಗೆ. ಮಳೆ ಅಂದ್ರೆ ಆಷಾಢದ ಮಳೆ. ಗಾಳಿ ಮೂಡಣದಿಂದ, ಬಿಟ್ಟು ಬಿಟ್ಟು, ಒಂದೊಂದು ಬೀಸಿಗೆ ಕೊಡೆ ತಿರುಗಿ ಹೋಗುವಷ್ಟು. ಪಂಚಗಂಗಾವಳಿ ಹೊಳೆ ಕೆಂಪಾಗಿ ಉಬ್ಬಿತ್ತು. ಐದು ಹೊಳೆಯ ನೀರು ಒಂದೇ ಬಾಯಲ್ಲಿ ಕಡಲಿಗೆ ಹೋಗಬೇಕು, ಕಡಲು ಭರತದಲ್ಲಿ ಒಳಗೆ ತಳ್ಳುತ್ತಿದೆ.

ಬೋಟು ಧಕ್ಕೆಯ ಎತ್ತರಕ್ಕೆ ಬಂದು ನಿಂತಿತ್ತು. ಸಂಜೆ ಕೆಳಗಿದ್ದಾಗ ಕಟ್ಟಿದ ಹಗ್ಗಗಳು ಈಗ ಜೋಲಿ ಬಿದ್ದಿದ್ದವು. ಗಾಳಿ ಬಂದಾಗ ಬೋಟು ಮುಂದೆ ಹೋಗಿ, ಹಗ್ಗ ಜಗ್ಗಿ, ಹಿಂದೆ ಬಂದು ಧಕ್ಕೆಯ ಟಯರಿಗೆ ಗುದ್ದುತ್ತಿತ್ತು. ಗುದ್ದಿದಾಗಲೆಲ್ಲ ನನ್ನ ಎದೆಗೇ ಗುದ್ದಿದ ಹಾಗೆ. ಅಯ್ಯೋ ಹಗ್ಗ ಸಡಿಲ ಆಗಿದೆ ಅಂತ ಹೇಳಿ, ಆ ಮಳೆಯಲ್ಲಿ ಒಬ್ಬನೇ, ಮುಂದಿನದೂ ಹಿಂದಿನದೂ ಬಿಚ್ಚಿ, ಬೋಟು ಹತ್ತಿರ ಬಂದ ಗಳಿಗೆ ನೋಡಿ ಎಳೆದು, ಧಕ್ಕೆಯ ಗೂಟಕ್ಕೆ ನಾಲ್ಕು ಸುತ್ತು ಹಾಕಿ ಬಿಗಿದೆ. ನೈಲಾನ್ ಹಗ್ಗ ಒದ್ದೆ, ಅಂಗೈ ಚರ್ಮ ಎದ್ದು ಬಂತು. ಬೋಟು ಅಲ್ಲಾಡದೆ ನಿಂತಿತು. ಫೋಟೊ ತೆಗೆದು ಭಾವನಿಗೆ ಕಳಿಸಿದೆ. ಅವರು ಹೆಬ್ಬೆರಳು ಒತ್ತಿದರು. ಮನೆಗೆ ಹೋಗಿ ಬಿಸಿನೀರು ಮಿಂದು ಮಲಗಿದೆ. ಅಷ್ಟು ಚಂದ ನಿದ್ದೆ ಬಹಳ ದಿನ ಬಂದಿರಲಿಲ್ಲ.

ಇಲ್ಲಿಂದ ಮುಂದೆ ನಡೆದದ್ದು ನಾನು ನೋಡಿದ್ದಲ್ಲ. ಹೊರಗಿನ ಬೋಟಿನಲ್ಲಿ ಮಲಗಿದ್ದ ಕಲಾಸಿ ಹೇಳಿದ್ದು ಮತ್ತು ಬೆಳಗ್ಗೆ ಗುರುತು ನೋಡಿ ತಾಂಡೇಲರು ಬಿಡಿಸಿ ಹೇಳಿದ್ದು ಸೇರಿಸಿ ಹೇಳುತ್ತೇನೆ.

ಹನ್ನೆರಡರ ಮೇಲೆ ನೀರು ಇಳಿಯತೊಡಗಿತು. ಅಮಾವಾಸ್ಯೆ ಇಳಿತಕ್ಕೆ ಹೊಳೆಯ ನೆರೆಯೂ ಸೇರಿ ನೀರು ಜೋರಾಗಿ ಹೊರಗೆ ಎಳೆಯಿತು. ನೀರು ಎರಡು ಅಡಿ ಇಳಿದಾಗ ಬೋಟೂ ಎರಡು ಅಡಿ ಇಳಿಯಬೇಕು. ಆದರೆ ಮೇಲೆ ಗೂಟಕ್ಕೆ ಬಿಗಿದ ಹಗ್ಗ ಬಿಡಲಿಲ್ಲ. ಧಕ್ಕೆ ಕಡೆಯ ಮಗ್ಗುಲು ಹಗ್ಗದಲ್ಲಿ ನೇತಾಡಿತು, ಹೊರ ಮಗ್ಗುಲು ಇಳಿಯಿತು. ಬೋಟು ಓರೆ ಆಯ್ತು. ಅಟ್ಟದ (ಡೆಕ್ಕಿನ) ಮೇಲೆ ಬಿದ್ದ ಮಳೆ ನೀರೆಲ್ಲ ಒಂದೇ ಬದಿಗೆ ಹರಿದು ನಿಂತಿತು. ಆ ಬದಿಯಲ್ಲಿ ನೀರು ಹೋಗುವ ಕಂಡಿಗಳು ಇವೆ, ಆದರೆ ಬಲೆಯ ತುಂಡು, ಮೀನಿನ ಪೊರೆ, ಒಂದು ಗುಟ್ಕಾ ಪ್ಯಾಕೆಟು ಸೇರಿ ಎರಡು ಕಂಡಿ ಪೂರ್ತಿ ಬಂದ್. ಇದು ಒಂದು.

ಎರಡನೆಯದು ಗಾಳಿ. ನಮ್ಮ ಬೋಟಿನ ಕ್ಯಾಬಿನ್ನಿಗೆ ಮುಂದೆ ಗಾಜು, ಹಿಂದೆ ತೆರೆದ ಬಾಗಿಲು, ಒಳಗೆ ಕಾಲ ಕೆಳಗೆ ಇಂಜಿನ್. ಮಳೆಗಾಲದ ಗಾಳಿ ತೆಂಕು-ಪಡುವಣದ್ದು, ಮೂತಿ ಅಳಿವೆ ಕಡೆಗಿಟ್ಟರೆ ಮಳೆ ಗಾಜಿಗೆ ಹೊಡೆಯುತ್ತದೆ, ಒಳಗೆ ಬರುವುದಿಲ್ಲ. ಅವತ್ತು ಗಾಳಿ ಮೂಡಣದ್ದು. ಇಡೀ ರಾತ್ರಿ ಮಳೆ ಹಿಂದಿನ ಬಾಗಿಲಲ್ಲಿ ಸೀದಾ ಇಂಜಿನ್ ರೂಮಿಗೆ ಇಳಿಯಿತು. ಸಾಮಾನ್ಯ ದಿನದಲ್ಲಿ ಆ ಬಾಗಿಲಿಗೆ ಒಂದು ಹಳೆ ಫ್ಲೆಕ್ಸ್ ಕಟ್ಟಿರುತ್ತದೆ, ಯಾವುದೋ ಎಲೆಕ್ಷನ್ನಿನದು. ಅದೂ ಹರಿದು ಹೋಗಿತ್ತು.

ಒಳಗೆ ನೀರೆತ್ತುವ ಪಂಪು ಇತ್ತಲ್ಲ? ಇತ್ತು. ಬ್ಯಾಟರಿ ಸ್ವಿಚ್ ಭಾವ ಸಂಜೆ ಆಫ್ ಮಾಡಿದ್ದರು. ಕಳ್ಳರು ಲೈಟು ಹಾಕಿ ಡೀಸೆಲ್ ತೆಗೆಯುತ್ತಾರೆ ಅಂತ.

ಐದು ಗಂಟೆ ದಾಟಿದ ಹೊತ್ತಿಗೆ ಹಿಂದಿನ ಹಗ್ಗ ಕಟ್ಟಿದ ಬೋಟಿನ ಗೂಟ ಒಂದು ಅಡಿ ಹಲಗೆ ಸಮೇತ ಕಿತ್ತು ಬಂತು. ಹಿಂಭಾಗ ಧಡ್ ಅಂತ ಬಿತ್ತು. ಬಿದ್ದ ರಭಸಕ್ಕೆ ಹೊರಗಿನ ಬೋಟಿಗೆ ಬಡಿದು ಮಗ್ಗುಲಿನ ಎರಡು ಹಲಗೆಯ ಸಂದು ಬಾಯಿ ಬಿಟ್ಟಿತು. ಆಗ ಎಚ್ಚರ ಆದದ್ದು ಆ ಕಲಾಸಿಗೆ. ಜಾರ್ಖಂಡಿನ ಹುಡುಗ, ಬಂದು ಎರಡು ವರ್ಷ ಆಗಿರಬಹುದು, ಮಾತಾಡುವುದು ಅಪ್ಪಟ ಕುಂದಾಪ್ರ ಕನ್ನಡ. ಅವನು ಮೊದಲು ಮಾಡಿದ್ದು ನಮ್ಮ ಬೋಟಿಗೂ ಅವನ ಬೋಟಿಗೂ ಇದ್ದ ಹಗ್ಗ ಕಡಿದದ್ದು. ಇಲ್ಲದಿದ್ದರೆ ನಮ್ಮದು ಅದನ್ನೂ ಎಳೆದುಕೊಂಡು ಓರೆ ಮಾಡುತ್ತಿತ್ತು. ಎರಡನೆಯದು ನನಗೆ ಫೋನ್ ಮಾಡಿದ್ದು. ನಾನು ನಡುರಾತ್ರಿ ಮಾಡಿದ್ದಕ್ಕೂ ಅವನು ಆ ಎರಡು ನಿಮಿಷದಲ್ಲಿ ಮಾಡಿದ್ದಕ್ಕೂ ಇರುವ ವ್ಯತ್ಯಾಸ ನೋಡಿ.

ಅದೃಷ್ಟ ಅಂದ್ರೆ ಇಳಿತದಲ್ಲಿ ಅಲ್ಲಿ ನೀರು ಆಳ ಇಲ್ಲ. ಹಿಂಭಾಗ ಹೂಳಿನ ಮೇಲೆ ಕೂತಿತು. ಯಾವಾಗಲೂ ಹೂಳಿಗೆ ಬಯ್ಯುವ ನಾವು ಅವತ್ತು ಅದಕ್ಕೆ ಕೈಮುಗಿದೆವು.

ಆದರೆ ಕೈಯಲ್ಲಿ ಇದ್ದದ್ದು ಆರು ತಾಸು. ನಡುಹಗಲಿಗೆ ಮತ್ತೆ ಭರತ. ಅಷ್ಟರೊಳಗೆ ಬೋಟು ಏಳಿಸದಿದ್ದರೆ ನಾಲ್ಕೈದು ಅಡಿ ನೀರು ಮೇಲೆ ಬಂದು ಕ್ಯಾಬಿನ್ನೂ ಹೋಗುತ್ತದೆ. ತಾಂಡೇಲರು ಶಿರೂರಿನಿಂದ ಬೈಕಿನಲ್ಲಿ ಏಳಕ್ಕೆ ಬಂದರು, ನಿಶ್ಚಯದ ಬಿಳಿ ಅಂಗಿಯಲ್ಲೇ. ನನಗೆ ಏನೂ ಅನ್ನಲಿಲ್ಲ. ಗೂಟದ ಮೇಲೆ ನಾನು ಹಾಕಿದ ನಾಲ್ಕು ಸುತ್ತನ್ನು ಒಂದು ಸಲ ನೋಡಿದರು, ಅಷ್ಟೇ.

ಮೊದಲು ಹಲಗೆ ಸಂದು. ಗೋಣಿಯನ್ನು ಉದ್ದುದ್ದ ಹರಿದು ಗ್ರೀಸಿನಲ್ಲಿ ಅದ್ದಿ ಉಳಿ ಇಟ್ಟು ಹೊಡೆದು ತುರುಕಿದರು. ಸಂದಿನ ಅರ್ಧ ನೀರೊಳಗೆ, ಅದಕ್ಕೆ ಇಬ್ಬರು ಸೊಂಟದವರೆಗೆ ಇಳಿದು ಕೈಯಲ್ಲೇ ಮುಟ್ಟಿ ನೋಡಿ ಹಾಕಬೇಕಾಯ್ತು. ಮೇಲೆ ಒಂದು ರಬ್ಬರ್ ತುಂಡು, ಅದರ ಮೇಲೆ ಹಲಗೆ, ಮೊಳೆ. ಆಮೇಲೆ ಪಂಪು. ಅಕ್ಕಪಕ್ಕದವರದ್ದು ಎರಡು, ತೋಟಕ್ಕೆ ನೀರು ಬಿಡುವ ಪೆಟ್ರೋಲ್ ಪಂಪು ಒಂದು. ಹತ್ತು ನಿಮಿಷಕ್ಕೊಮ್ಮೆ ಪಂಪಿನ ಬಾಯಿಗೆ ಬಲೆ ತುಂಡು ಸಿಕ್ಕಿ ನಿಲ್ಲುತ್ತಿತ್ತು, ಕೊನೆಗೆ ಮೀನಿನ ಬುಟ್ಟಿಯೊಳಗೆ ಪೈಪ್ ಇಟ್ಟು ಇಳಿಸಿದ ಮೇಲೆ ಸರಿ ಹೋಯ್ತು. ಹತ್ತೂವರೆಗೆ ಹಿಂಭಾಗ ಹೂಳು ಬಿಟ್ಟು ತೇಲಿತು. ಯಾರೋ ಶಿಳ್ಳೆ ಹೊಡೆದರು.

ಇಂಜಿನ್ ಇಡೀ ಉಪ್ಪು ಕೆಸರು ನೀರು ಕುಡಿದಿತ್ತು. ಭಾವ ಒಂದು ಸಲ ಸ್ಟಾರ್ಟ್ ಮಾಡಿ ನೋಡುವ ಅಂದರು. ಮೆಕ್ಯಾನಿಕ್ ಕೈ ಹಿಡಿದು ನಿಲ್ಲಿಸಿದ. ಸಿಲಿಂಡರಿನಲ್ಲಿ ನೀರು ಇದ್ದಾಗ ಸ್ಟಾರ್ಟರ್ ಒತ್ತಿದರೆ ನೀರು ಕುಗ್ಗುವುದಿಲ್ಲ, ಒಳಗಿನ ರಾಡು ಬಗ್ಗುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಅವನು ಇಂಜೆಕ್ಟರ್ ಬಿಚ್ಚಿ, ಕೈಯಲ್ಲಿ ಇಂಜಿನ್ ತಿರುಗಿಸಿ ನೀರು ಹೊರಗೆ ಹಾಕಿಸಿದ. ಆಮೇಲೆ ಸಿಹಿನೀರಿನಲ್ಲಿ ತೊಳೆದು, ಡೀಸೆಲ್ಲಿನಲ್ಲಿ ತೊಳೆದು, ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ, ಹಾಲು ಹಾಕಿದ ಚಾದ ಹಾಗೆ ಬಂದ ಆಯಿಲನ್ನು ಚೆಲ್ಲಿ, ಮತ್ತೆ ಹಾಕಿ. ಹೀಗೆ ಮೂರು ಸಲ. ಅವತ್ತೇ ಮಾಡಿದ್ದರಿಂದ ಇಂಜಿನ್ ಉಳಿಯಿತು. ಎರಡು ದಿನ ಬಿಟ್ಟಿದ್ದರೆ ತುಕ್ಕು ಹಿಡಿದು ಗುಜರಿ. ಸ್ಟಾರ್ಟರ್ ಮೋಟಾರು, ಡೈನಮೊ ವೈಂಡಿಂಗಿಗೆ ಹೋದವು. ಬ್ಯಾಟರಿ ಎರಡೂ ಹೋದವು.

ಎಲ್ಲ ಸೇರಿ ನನ್ನ ಪುಸ್ತಕದಲ್ಲಿ ಬರೆದದ್ದು 1,12,000 ರೂಪಾಯಿ. ಹನ್ನೊಂದು ದಿನ ಬೋಟು ಕಡಲಿಗೆ ಹೋಗಲಿಲ್ಲ, ಅದು ಬೇರೆ. ಆ ಹನ್ನೊಂದು ದಿನದಲ್ಲಿ ಇಬ್ಬರು ಕಲಾಸಿಗಳು ಬೇರೆ ಬೋಟಿಗೆ ಹೋದರು, ಒಬ್ಬ ಮಾತ್ರ ವಾಪಸ್ ಬಂದ. ಅವರದ್ದೂ ತಪ್ಪಲ್ಲ, ಪಾಲಿನ ಮೇಲೆ ಬದುಕುವವರು.

ಯಾವುದರಿಂದ ಮುಳುಗಿತು ಅಂತ ನಮ್ಮಲ್ಲಿ ಇವತ್ತಿಗೂ ಜಗಳ ಇದೆ. ಭಾವ ಹೇಳುವುದು ಕಂಡಿ ಬಂದ್ ಆದದ್ದರಿಂದ, ಅಂದ್ರೆ ಕಲಾಸಿಗಳ ತಪ್ಪು. ಅಕ್ಕ ಹೇಳುವುದು ಪಂಪಿನ ಸ್ವಿಚ್ಚಿನಿಂದ, ಅಂದ್ರೆ ಭಾವನ ತಪ್ಪು. ನನಗನಿಸುವುದು ಅದೆಲ್ಲ ಇದ್ದರೂ ಬೋಟು ನೆಟ್ಟಗೆ ನಿಂತಿದ್ದರೆ ಬೆಳಗ್ಗೆ ಇಂಜಿನ್ ರೂಮಿನಲ್ಲಿ ಮೊಣಕಾಲುದ್ದ ನೀರು ಇರುತ್ತಿತ್ತು, ಎತ್ತಿ ಹಾಕುತ್ತಿದ್ದೆವು. ಓರೆ ಮಾಡಿದ್ದು ಹಗ್ಗ. ಸಂಜೆ ಇಳಿತದಲ್ಲಿ ಭಾವ ಕಟ್ಟಿದ ಉದ್ದವೇ ಸರಿ ಇತ್ತು. ಭರತದಲ್ಲಿ ಜೋಲಿ ಬಿದ್ದದ್ದು ಬೀಳಬೇಕಾದದ್ದೇ. ನಾನು ಹೋಗದೇ ಇದ್ದಿದ್ದರೆ, ಅಥವಾ ಹೋಗಿ ಬರೀ ಎರಡು ಟಯರು ಜಾಸ್ತಿ ಇಳಿಬಿಟ್ಟು ಬಂದಿದ್ದರೆ, ಬೋಟು ಗುದ್ದುತ್ತಾ ಗುದ್ದುತ್ತಾ ಬೆಳಗಿನವರೆಗೆ ನಿಲ್ಲುತ್ತಿತ್ತು.

ಸಾಲಿನಲ್ಲಿ ನಾಲ್ಕು ಬೋಟು ಆಚೆ ಒಬ್ಬ ಹಿರಿಯರದ್ದು ಇತ್ತು, ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹೋಗಿ ನೋಡಿದೆ. ಅವರು ಹಗ್ಗವನ್ನು ಎದುರಿಗಿರುವ ಗೂಟಕ್ಕೆ ಕಟ್ಟಿರಲಿಲ್ಲ. ಮುಂದಿನ ಹಗ್ಗ ಇನ್ನೂ ಮುಂದಿನ ಗೂಟಕ್ಕೆ, ಹಿಂದಿನದು ಇನ್ನೂ ಹಿಂದಿನ ಗೂಟಕ್ಕೆ, ಹೀಗೆ ಓರೆಯಾಗಿ ಉದ್ದ ಬಿಟ್ಟಿದ್ದರು. ಉದ್ದ ಹಗ್ಗಕ್ಕೆ ನಾಲ್ಕೈದು ಅಡಿ ಏರಿಳಿತ ಗೊತ್ತೇ ಆಗುವುದಿಲ್ಲ. ಹಗ್ಗದ ನಡುವಿಗೆ ಒಂದು ಸಿಮೆಂಟಿನ ಗುಂಡು ನೇತು ಹಾಕಿದ್ದರು, ಜಗ್ಗಿದಾಗ ಗುಂಡು ಮೇಲೇಳುತ್ತದೆ, ಬಿಟ್ಟಾಗ ಕೆಳಗೆ ಇಳಿಯುತ್ತದೆ, ಎಳೆತದ ಪೆಟ್ಟು ಗೂಟಕ್ಕೆ ಬೀಳುವುದಿಲ್ಲ. ಧಕ್ಕೆಯ ಅಂಚಿಗೆ ಉಜ್ಜುವ ಕಡೆ ಹಳೆ ಪೈಪ್ ಸೀಳಿ ಹಗ್ಗಕ್ಕೆ ತೊಡಿಸಿದ್ದರು. "ಇದೆಲ್ಲ ಮಳೆಗಾಲದ್ ಕಟ್ಟ್ ಅಲ್ದಾ, ಈಗ ಎಂತಕೆ ಹಾಕ್ದ್ರಿ?" ಅಂತ ಕೇಳಿದೆ. "ಮಳೆ ಬತ್ತಿತ್ತಲೆ ಮಾಸ್ಟ್ರೆ" ಅಂದರು. ಮಳೆ ಬರ್ತಿತ್ತಲ್ಲ ಅಂತ. ಅದಕ್ಕೆ ನಾನು ಎಂತ ಹೇಳಲಿ?

ಈಗ ನಮ್ಮ ಬೋಟಿನಲ್ಲಿ ಆಗಿರುವ ಬದಲಾವಣೆ ಬಹಳ ಇಲ್ಲ. ಗೂಟ ಹೊಸದು, ಅಡಿಯಲ್ಲಿ ಕಬ್ಬಿಣದ ತಗಡು ಇಟ್ಟು ಬೋಲ್ಟ್ ಹಾಕಿಸಿದೆವು. ಪಂಪಿಗೆ ತಾನಾಗಿ ಚಾಲೂ ಆಗುವ ತೇಲು ಸ್ವಿಚ್ಚು, ಅದಕ್ಕೆ ಪ್ರತ್ಯೇಕ ಸಣ್ಣ ಬ್ಯಾಟರಿ. ಕಂಡಿ ತೆಗೆಯಲಿಕ್ಕೆ ಒಂದು ಕಬ್ಬಿಣದ ಸರಳು ಕ್ಯಾಬಿನ್ನಿನಲ್ಲೇ ನೇತಾಡುತ್ತದೆ. ಕ್ಯಾಬಿನ್ನಿನ ಹಿಂದಿನ ಬಾಗಿಲಿಗೆ ರೆಕ್ಸಿನ್ ಪರದೆ. ಭಾವ ವಿಮೆಯ ಏಜೆಂಟರ ಹತ್ತಿರ ಎರಡು ಸಲ ಮಾತಾಡಿದ್ದಾರೆ, ಮೂರನೇ ಸಲ ಇನ್ನೂ ಆಗಿಲ್ಲ. ಹೊರಗಿನ ಬೋಟಿನ ಆ ಹುಡುಗನಿಗೆ ಒಂದು ಜೊತೆ ಬಟ್ಟೆ ಕೊಡಿಸಿದೆ, ಅವನಿಗೆ ಬೇಕಾಗಿದ್ದದ್ದು ಮೊಬೈಲ್ ರೀಚಾರ್ಜ್ ಅಂತ ಆಮೇಲೆ ಗೊತ್ತಾಯ್ತು, ಅದನ್ನೂ ಮಾಡಿಸಿದೆ. ತಾಂಡೇಲರು ಈಗ ನನಗೆ ಫೋನ್ ಮಾಡಿದರೆ ಪೂರ್ತಿ ಹೇಳುತ್ತಾರೆ. "ಹೋಯಿ ಕಾಣಿ ಮಾಸ್ಟ್ರೆ, ಕಂಡ್ಕಂಡ್ ಬನಿ. ಮುಟ್ಬೇಡಿ."

ತಾಡಪಾಲು ಐದನೇ ತಾರೀಕು ಮನೆಗೆ ಬಂತು. ಬಿಸಿಲು ಚೆನ್ನಾಗಿ ಬಿದ್ದಿತ್ತು ಅವತ್ತು. ಅಂಗಳದಲ್ಲಿ ಹರಡಿದರೆ ಒಂದು ಮೂಲೆ ಪೂರ್ತಿ ವೇಷಗಾರರ ಕೈ ಒರೆಸಿದ ಗುರುತು, ಬಿಳಿ ಸಫೇದ, ಕೆಂಪು, ನಡುವೆ ಕಾಡಿಗೆಯ ಐದು ಬೆರಳು. ಅಕ್ಕ ತೊಳೆಯಲಿಕ್ಕೆ ನೋಡಿದಳು, ಹೋಗಲಿಲ್ಲ. ಮಡಚಿ ಬೋಟಿನಲ್ಲೇ ಇಟ್ಟಿದ್ದೇವೆ.